ಮಧ್ಯಾಹ್ನಕ್ಕೆ ಬೀಳುವ ಜಾಲರಿ

ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಎಲ್ಲೋ ಒಂದು ಇಲಿ ಸತ್ತಿತ್ತು. ಎಲ್ಲಿ ಎಂದು ಗೊತ್ತಾಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವ ಮಹಾದೇವಿ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಳು.

“ಏನ್ರೀ ಅಮ್ಮಾರ, ಇಂಥಾ ನಾತದಾಗ ಕುಂತು ಕಾಫಿ ಕುಡಿಯಾಕತ್ತೀರಲ್ಲ! ಮೂಗು ಐತೋ ಇಲ್ಲೋ ನಿಮಗ?”

ಮೂಗು ಇತ್ತು. ತೊಂದರೆಯಾದದ್ದೇ ಅದರಿಂದ. ಆ ವಾಸನೆ ಕಾಫಿ ಲೋಟದ ಮೇಲೆ ಹಾದು ಬಂದಾಗ ನಾನು ಹೊಸಪೇಟೆಯ ಮನೆಯಲ್ಲಿ ಇರಲೇ ಇಲ್ಲ. ಸಂಡೂರಿನ ಬೆಟ್ಟದಲ್ಲಿ, ಬಿದಿರ ಮೆಳೆಯ ಕೆಳಗೆ, ಗೊಬ್ಬರದ ಚೀಲದ ಮೇಲೆ ಬೋರಲು ಮಲಗಿದ್ದೆ. ಮಹಾದೇವಿ ಸಿಲಿಂಡರಿನ ಹಿಂದೆ, ಫ್ರಿಜ್ಜಿನ ಕೆಳಗೆ ಕಸಬರಿಗೆ ತೂರಿಸಿ ಹುಡುಕುತ್ತಿದ್ದಳು. ನನಗೆ ಮೈಯೆಲ್ಲ ಕೋಪ ಏರಿತು. ಇಲಿಯ ಮೇಲಲ್ಲ. ಒಂದು ಬೂಟಿನ ಮೇಲೆ, ಆ ಬೂಟಿನೊಳಗಿದ್ದ ಕಾಲಿನ ಮೇಲೆ. ಅದಾಗಿ ಎರಡು ವರ್ಷವಾಯಿತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ಕಂಡರೂ ನನಗೀಗ ಸಿಟ್ಟೇ.

ಇಂದುಮತಿಯಿಂದಲೇ ಶುರು ಮಾಡಬೇಕು. ಇಂದು ಮತ್ತು ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಕಂಪೌಂಡಿನೊಳಗೆ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ‘ಐ ಸ್ಪೋಕ್ ಕ್ಯಾನರೀಸ್’ ಎಂದು ಬರೆದ ರಟ್ಟಿನ ಬೋರ್ಡನ್ನು ಕೊರಳಿಗೆ ಹಾಕಿ ಅಸೆಂಬ್ಲಿ ಹಾಲ್‌ನ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಕಾಲ ಅದು. ಆ ಬೋರ್ಡು ನನ್ನ ಕೊರಳಲ್ಲಿ ಇದ್ದಷ್ಟು ಇನ್ಯಾರ ಕೊರಳಲ್ಲೂ ಇರಲಿಲ್ಲ. ಇಂದು ಜಾಣೆ. ಕಿವಿಯಲ್ಲಿ ಪಿಸುಗುಡುವಳು, ನಾನು ಜೋರಾಗಿ ನಗುವೆ, ಬೋರ್ಡು ನನಗೆ ಬರುತ್ತಿತ್ತು.

ಎಂಟನೇ ಕ್ಲಾಸಿನಲ್ಲಿ ನಮ್ಮನ್ನು ನಾರಿಹಳ್ಳದ ಕಡೆ ಪಿಕ್‌ನಿಕ್‌ಗೆ ಕರೆದೊಯ್ದರು. ಮಳೆ ನಿಂತ ಬೆಳಗು. ಬಿದಿರ ಮೆಳೆಯ ಹತ್ತಿರ ಏನೋ ಕೊಳೆತ ನಾತ. ಹುಡುಗಿಯರೆಲ್ಲ “ಛೀ” ಎಂದು ಓಡಿದರೆ ಇಂದು ನಾತದ ಕಡೆಗೇ ಓಡಿದಳು, ನಾನು ಅವಳ ಹಿಂದೆ. ಒಣ ಎಲೆಗಳ ನಡುವೆ ಬಿಳಿಯದೊಂದು ನಿಂತಿತ್ತು. ಗೇಣುದ್ದದ ಕಾಂಡ, ತುದಿಯಲ್ಲಿ ಕಂದು ಟೋಪಿ, ಟೋಪಿಯ ಕೆಳಗಿನಿಂದ ನೆಲದವರೆಗೆ ಇಳಿಬಿದ್ದ ಜಾಲರಿ. ಕ್ರೋಶಾ ಕಡ್ಡಿಯಲ್ಲಿ ಹೆಣೆದ ಲಂಗದ ಹಾಗೆ. ಅಷ್ಟು ಕಾಣುವುದರೊಳಗೆ ಸಿಸ್ಟರ್ ಅಗಾಥಾ ಬಂದರು. ನೋಡಿದರು. ಮುಖ ಕೆಂಪಾಯಿತು. ಗೌನನ್ನು ಎರಡೂ ಕೈಯಲ್ಲಿ ಅಗಲಿಸಿ, ಮರಿಗಳ ಮೇಲೆ ಕೋಳಿ ಕೂತಂತೆ, ಅದರ ಮೇಲೆ ನಿಂತುಬಿಟ್ಟರು.

“ಗರ್ಲ್ಸ್! ಐಸ್ ಫ್ರಂಟ್! ಇಟ್ ಈಸ್ ಎ ಡರ್ಟಿ ಥಿಂಗ್!”

ಜಾಲರಿಯನ್ನು ಬಿಟ್ಟರೆ ಆ ಅಣಬೆಯ ಆಕಾರ ಎಂಥದ್ದು ಎಂದು ಬಿಡಿಸಿ ಹೇಳುವ ವಯಸ್ಸು ನನ್ನದು. ಆದರೆ ಕಾನ್ವೆಂಟಿನ ನಾಲಿಗೆ ಈಗಲೂ ಹಿಂಜರಿಯುತ್ತದೆ. ಓದುಗರು ಊಹಿಸಿಕೊಳ್ಳಬೇಕು.

ಇಂದು ಬಾಟನಿ ಓದಿದಳು, ಬಾಟನಿ ಪಾಠ ಹೇಳಿದಳು, ಮದುವೆಯಾಗಲಿಲ್ಲ, ರಿಟೈರ್ ಆಗಿ ಸಂಡೂರಿನಲ್ಲಿ ತಮ್ಮನ ಮನೆಯ ಮಹಡಿಯಲ್ಲಿ ಉಳಿದಳು. ಸರ್ವಿಸ್ ಇಡೀ ಆ ಜಾಲರಿ ಅಣಬೆಯನ್ನು ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬಿಡಿಸಿದಳು. ಆದರೆ ಕಣ್ಣಾರೆ ಇನ್ನೊಮ್ಮೆ ಅದು ಸಿಗಲಿಲ್ಲ. “ನಾ ನೋಡಿದ್ದು ಏನು ಹೇಳು? ಸಿಸ್ಟರ್‌ದು ಗೌನು. ಅದನ್ನ ಬೇಕಾದ್ರ ಕರೆಕ್ಟ್ ಡ್ರಾ ಮಾಡ್ತೀನಿ” ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವಳ ಫೋನ್ ಬಂತು. ಕಣ್ಣಿನ ಡಾಕ್ಟರು ಮ್ಯಾಕ್ಯುಲರ್ ಡಿಜನರೇಷನ್ ಎಂದಿದ್ದರು. ಒಂದು ಕಣ್ಣಿನ ನಡುಭಾಗ ಆಗಲೇ ಹೋಗಿತ್ತು, ಇನ್ನೊಂದು ಹೋಗುತ್ತಿತ್ತು. ಅಂಚು ಮಾತ್ರ ಉಳಿಯುತ್ತದೆ.

“ಭಾಳ ಫನ್ನಿ ಅದ ಪ್ರಮೀ,” ಎಂದಳು. “ಯಾರಿಗೂ ಮುಖಾನ ಇಲ್ಲ. ಎಲ್ಲಾರಿಗೂ ಬರೇ ಕಿವಿ ಅದಾವ.”

ನಾನು ನಗಲಿಲ್ಲ. ಆಗ ಅವಳು ದನಿ ಇಳಿಸಿ, “ಈ ಮಳೆಗಾಲ ಒಂದ ಉಳದದ ನನಗ. ಆ ಜಾಲರಿ ಇಳಿಯೋದನ್ನ ನೋಡಬೇಕು. ಇಳಿಯೋದನ್ನ. ನೀ ಬರ್ತಿ ಏನು?” ಎಂದಳು.

ನನ್ನ ಹತ್ತಿರ ಕ್ಯಾಮೆರಾ ಇತ್ತು. ಬ್ಯಾಂಕಿನ ಕೆಲಸ ಮುಗಿದ ಮೇಲೆ ಕೊಂಡು, ಎಲ್ಲರಂತೆ ಹಂಪಿಯ ಬಂಡೆಗಳ ಮೇಲೆ ಸೂರ್ಯ ಮುಳುಗುವುದನ್ನು ತೆಗೆದು ಎಲ್ಲರಿಗೂ ಕಳಿಸಿ ಬೇಜಾರು ಮಾಡಿದವಳು ನಾನು. ಆ ಫೋನ್ ಬಂದ ಮೇಲೆ ಮ್ಯಾಕ್ರೋ ಲೆನ್ಸ್ ತರಿಸಿದೆ. ಬೆರಳಿನುಗುರಿನಷ್ಟು ದೊಡ್ಡದನ್ನು ಟಿವಿಯ ಪರದೆ ತುಂಬುವಷ್ಟು ಮಾಡುವ ಲೆನ್ಸು. ಇಂದುಗೆ ಅಂಚಿನ ಕಣ್ಣಲ್ಲಿ ಕಾಣಬೇಕಾದರೆ ಎಲ್ಲವೂ ದೊಡ್ಡದಾಗಿರಬೇಕಿತ್ತು.

ಜುಲೈಯಲ್ಲಿ ಮಳೆ ಹಿಡಿಯಿತು. ಡ್ಯಾಮಿನ ಗೇಟು ತೆಗೆದಿದ್ದಾರೆ, ನೋಡೋಣ ಬಾ ಎಂದು ಹೊಸಪೇಟೆಯೆಲ್ಲ ಅತ್ತ ಹೊರಟರೆ ನಾನು ಬಟ್ಟೆಗಂಟು ಕಟ್ಟಿ ಸಂಡೂರಿನ ಬಸ್ಸು ಹತ್ತಿದೆ. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ರಸ್ತೆಯ ನೀರು, ಚರಂಡಿಯ ನೀರು, ಎಮ್ಮೆಗಳ ಮೈ, ಎಲ್ಲ ಕೆಂಪು. ಅಂಥ ಕೆಂಪಿನ ನಡುವೆ ಬೆಟ್ಟ ಮಾತ್ರ ಎಷ್ಟು ಹಸಿರಾಗಿತ್ತೆಂದರೆ ನಂಬಿಕೆ ಬಾರದು.

ಅನುಮತಿ ಕೇಳಿ ಪಡೆದು, ಕಾಡಿನ ವಾಚರ್ ಯರ್ರಿಸ್ವಾಮಿಯನ್ನು ಜೊತೆ ಮಾಡಿಕೊಂಡೆವು. ಚೋರನೂರಿನವನು. ದೇಹ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಹಾವೆಂದರೆ ಪ್ರಾಣ ಬಿಡುತ್ತಿದ್ದ, ಹಾಗಾಗಿ ಹಾವುಗಳಿಗೆ ಕೇಳಿಸಲೆಂದು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡೇ ನಡೆಯುವವನು.

ಅಣಬೆಯ ಫೋಟೋ ತೆಗೆಯುವುದೆಂದರೆ ಮಲಗುವುದು. ನಿಂತು ಬಗ್ಗಿ ತೆಗೆದರೆ ಬರೀ ಟೋಪಿ ಬರುತ್ತದೆ. ಅದರ ಕಣ್ಣಿಗೆ ನಮ್ಮ ಕಣ್ಣು ಸಮವಾಗಬೇಕಾದರೆ ಹೊಟ್ಟೆ ನೆಲಕ್ಕೆ ತಾಗಬೇಕು. ಗೊಬ್ಬರದ ಖಾಲಿ ಚೀಲ ಹಾಸಿ, ಅಕ್ಕಿ ತುಂಬಿದ ಸಣ್ಣ ದಿಂಬಿನ ಮೇಲೆ ಕ್ಯಾಮೆರಾ ಇಟ್ಟು, ಫ್ಲಾಶಿನ ಉರಿ ತಗ್ಗಲೆಂದು ಇಡ್ಲಿ ಬಟ್ಟೆ ಅಡ್ಡ ಕಟ್ಟಿ, ಉಸಿರು ಹಿಡಿಯುತ್ತಿದ್ದೆ. ಉಸಿರು ಬಿಟ್ಟರೆ ಸಾಕು, ಫೋಕಸ್ ತಪ್ಪುತ್ತಿತ್ತು. ಮಲಗುವುದು ಸುಲಭ. ಏಳುವುದಕ್ಕೆ ನನ್ನ ಮಂಡಿ ಒಪ್ಪುತ್ತಿರಲಿಲ್ಲ.

“ಅಮ್ಮಾರ, ಎಬ್ಬಸ್ಲ್ಯಾ, ಇನ್ನಾ ಮಕ್ಕಂತೀರ್ಯಾ?” ಎಂದು ಯರ್ರಿಸ್ವಾಮಿ ಹತ್ತು ಹೆಜ್ಜೆ ದೂರದಿಂದ ಕೂಗುವನು. “ಯಾರಾರ ನೋಡಿದ್ರ ಹೆಣ ಬಿದ್ದೈತಂತ ಪೊಲೀಸ್ರಿಗೆ ಫೋನ್ ಮಾಡ್ತಾರ ಮತ್ತ.”

“ಹೆಣಾನ ಎಬ್ಬಸೋ ಮಾರಾಯ,” ಎಂದು ಇಂದು ನಗುವಳು.

ಸಂಜೆ ಇಂದುವಿನ ಮಹಡಿಯಲ್ಲಿ ಕ್ಯಾಮೆರಾಕ್ಕೂ ಟಿವಿಗೂ ವೈರು ಜೋಡಿಸುತ್ತಿದ್ದೆ. ಮಂಡಾಳು ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು, ಅವಳು ಕುರ್ಚಿಯನ್ನು ಟಿವಿಗೆ ಅಡ್ಡಲಾಗಿ ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂರುವಳು. ಗೋಡೆ ನೋಡಿದರೆ ಟಿವಿ ಕಾಣುತ್ತಿತ್ತು. ಕೋಳಿ ಕತ್ತು ಓರೆ ಮಾಡಿ ಕಾಳು ನೋಡುವಂತೆ ಅವಳು ಅಣಬೆ ನೋಡಿದಳು. ಬೆರಳ ತುದಿಯಷ್ಟು ಬಟ್ಟಲುಗಳು, ಒಳಗೆ ಹಕ್ಕಿಗೂಡಿನ ಮೊಟ್ಟೆಯಂಥ ಬೀಜದ ಗುಳಿಗೆಗಳು. ಕೊಳೆತ ಕೊಂಬೆಯ ಮೇಲೆ ಕಿತ್ತಳೆ ಬಣ್ಣದ ಜೆಲ್ಲಿ. ಸೂಜಿಯಷ್ಟು ತೆಳ್ಳಗಿನ ಕಾಲಿನ ಮೇಲೆ ನಿಂತ ಕೊಡೆ, ಅದರ ಕೆಳಗೆ ಆಶ್ರಯ ಪಡೆದ ಇರುವೆ. “ಇರುವಿ ಕಾಲು ಕಾಣಸ್ತದ ಪ್ರಮೀ! ನಿನ್ನ ಮಾರಿ ಕಾಣಂಗಿಲ್ಲ, ಇರುವಿ ಕಾಲು ಕಾಣಸ್ತದ!” ಎಂದು ಅವಳು ಕೂಗಿದ ಸಂಜೆ ನನ್ನ ಜನ್ಮದಲ್ಲೇ ನಾನು ಮಾಡಿದ ಒಂದು ಉಪಯೋಗದ ಕೆಲಸ ಅದು ಎನ್ನಿಸಿತು.

ಆ ಮನುಷ್ಯನನ್ನು ನಾವು ಮೊದಲು ಕಂಡದ್ದು ಆ ದಿನಗಳಲ್ಲೇ. ಅವನ ಹೆಸರು ನನಗೆ ಚೆನ್ನಾಗಿ ಗೊತ್ತು, ಬರೆಯುವುದಿಲ್ಲ. ಎಲ್ಲ ಕಡೆ ಜೇಬಿರುವ ಹಸಿರು ಜಾಕೆಟ್ ಹಾಕುತ್ತಿದ್ದ. ಯರ್ರಿಸ್ವಾಮಿ ಅವನನ್ನು ಜಾಕೆಟ್ ಸಾಹೇಬ್ರು ಎನ್ನುತ್ತಿದ್ದ. ಸ್ವಂತ ಜೀಪು. ಅವನ ಲೆನ್ಸು ನನ್ನದರ ತಾತನಂತಿತ್ತು. ನಾವು ಹೋದಾಗ ಮಂಡಿಯೂರಿ ಕೂತು, ಸಣ್ಣ ಕತ್ತರಿಯಿಂದ ಒಂದು ಅಣಬೆ ಗುಂಪಿನ ಸುತ್ತಲಿನ ಹುಲ್ಲನ್ನು ಕಟಿಂಗ್ ಶಾಪಿನವನ ಹಾಗೆ ಕತ್ತರಿಸುತ್ತಿದ್ದ. ಎಲೆಗಳನ್ನು ಆರಿಸಿ ಎಸೆದ. ಎರಡು ಅಣಬೆಯನ್ನು ಕಿತ್ತು, ಪಾಚಿ ಹಿಡಿದ ಬೇರೊಂದು ಕೊರಡಿಗೆ ಚುಚ್ಚಿದ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಮಳೆಹನಿ ಮಾಡಿದ. ಮೇಲಿಂದ ನಿಜವಾದ ಮಳೆಯೇ ಹನಿಯುತ್ತಿತ್ತು, ಅದು ಅವನಿಗೆ ಸಾಲಲಿಲ್ಲ. ಫೋಟೋ ಮುಗಿಯಿತು. ಆಮೇಲೆ ಹೆಬ್ಬೆರಳಿನಿಂದ ಆ ಅಣಬೆಗಳ ತಲೆಯನ್ನು ಒಂದೊಂದಾಗಿ ಒತ್ತಿ ಹಿಸುಕಿದ.

ನಾನು ತಪ್ಪಾಗಿ ನೋಡಿದೆನೇನೋ ಎಂದುಕೊಂಡೆ. “ಏನ್ ಮಾಡಿದ್ರಿ ನೀವು?” ಎಂದೆ.

“ಎಕ್ಸ್‌ಕ್ಲೂಸಿವ್ ಇರಬೇಕಲ್ರಿ ಮೇಡಂ,” ಎಂದು ನಕ್ಕ. ಮುಚ್ಚಿಡಬೇಕು ಎಂಬುದೂ ಅವನಿಗೆ ಹೊಳೆದಿರಲಿಲ್ಲ. “ನನ್ ಹಿಂದ ಇನ್ನೊಬ್ಬ ಬಂದು ಅದ ಫ್ರೇಮ್ ತಗದ್ರ ನನ್ ಫೋಟೋಕ್ಕ ಏನ್ ಕಿಮ್ಮತ್ತು? ನಿಮ್ದು ವಾಟ್ಸಾಪ್‌ಗೆ, ನಡೀತೈತಿ. ನಂದು ಕಾಂಪಿಟಿಷನ್‌ಗೆ.”

“ಅದು ನಿಮ್ಮ ಸ್ವತ್ತೇನು?”

“ನಾಯಿಕೊಡಿ ರೀ ಮೇಡಂ, ಅಣಬಿ! ನಾಳಿ ಮಳಿಗೆ ಸಾವ್ರ ಏಳ್ತಾವ.”

ಇಂದು ಅವನ ದನಿ ಬಂದ ಕಡೆ ಕಿವಿ ಕೊಟ್ಟು ನಿಂತಿದ್ದಳು. ಅವನು ಹೋದ ಮೇಲೆ, “ಅವನ ಮಾರಿ ಹೆಂಗದ?” ಎಂದು ಕೇಳಿದಳು. ನೋಡುವುದಕ್ಕೆ ಒಳ್ಳೆಯ ಮನೆಯ ಹುಡುಗನ ಮುಖ. ಅದು ಇನ್ನೂ ಸಿಟ್ಟು ಬರಿಸಿತು.

ಶ್ರಾವಣ ಶುರುವಾದ ಮೇಲೆ ಒಂದು ದಿನ, ಬಿದಿರ ಮೆಳೆಯ ಬುಡದಲ್ಲಿ ಕೈಯಾಡಿಸುತ್ತಿದ್ದ ಇಂದು ಥಟ್ಟನೆ ನಿಂತಳು. ಮೇಲಿನ ಎಲೆ ಸರಿಸಿ ನೋಡಿದರೆ ಬಾತುಕೋಳಿಯ ಮೊಟ್ಟೆಯಂಥ ಬೆಳ್ಳಗಿನ ಗುಂಡು, ಅರ್ಧ ಮಣ್ಣಿನಲ್ಲಿ. ಮೆಲ್ಲಗೆ ಒತ್ತಿದಳು. ಒಳಗೆ ಲೋಳೆ ಅಲುಗಿತು. ಅವಳು ಪಾಠ ಹೇಳುವ ದನಿಯಲ್ಲಿ ಹೇಳಿದಳು. “ಮೊಟ್ಟಿ ಒಡದು ಮುಂಜಾನೆ ಮೇಲೆ ಏಳ್ತದ. ತಾಸೆರಡು ತಾಸಿನ್ಯಾಗ ಜಾಲರಿ ಇಳಸ್ತದ. ಮಧ್ಯಾಹ್ನ ಅನ್ನೋದ್ರಾಗ ಮುದ್ದಿ ಆಗಿ ಬೀಳ್ತದ. ಅಷ್ಟ ಅದರ ಲೈಫು. ಯಾವ ಮುಂಜಾನೆ ಅಂತ ಅದಕ್ಕ ಮಾತ್ರ ಗೊತ್ತು.”

ಆ ಮೆಳೆಯ ಪಕ್ಕದಲ್ಲೇ ದನ, ಮೇಕೆ ಮೇಯಿಸುವವರ ದಾರಿ. ಯರ್ರಿಸ್ವಾಮಿಗೆ ಚಿಂತೆಯಾಯಿತು. ನಾವು ಬೇಡವೆನ್ನುವ ಮೊದಲೇ ಅವನು ತನಗೆ ತಿಳಿದ ಭದ್ರತೆ ಮಾಡಿದ. ಮೊಟ್ಟೆಯ ಸುತ್ತ ಗುಂಡು ಕಲ್ಲು ಇಟ್ಟು, ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಎರಡು ಕಣಗಿಲೆ ಹೂ ಏರಿಸಿದ. ಅರಿಸಿನ ಕುಂಕುಮ ಎಲ್ಲಿಂದ ತಂದೆಯೋ ಎಂದರೆ, ಹಾವಿನ ಭಯಕ್ಕೆ ಹುತ್ತ ಕಂಡಲ್ಲೆಲ್ಲ ಹಚ್ಚಲು ಜೇಬಿನಲ್ಲೇ ಇಟ್ಟಿರುತ್ತಾನಂತೆ.

“ಈಗ ಯಾ ನನ ಮಗನೂ ಮುಟ್ಟಂಗಿಲ್ಲ ನೋಡ್ರಿ. ದೇವ್ರಂದ್ರ ದನಾನೂ ಸರದು ಹೊಕ್ಕಾವ.”

ಅವನ ಲೆಕ್ಕ ತಪ್ಪಿರಲಿಲ್ಲ. ಮರುದಿನ ನಾವು ಹೋದಾಗ ಮೇಕೆಯವರು ಹೊಸ ಹೂ ಏರಿಸಿ ಹೋಗಿದ್ದರು. ಅದರ ಮರುದಿನ ಒಂದು ತೆಂಗಿನ ಹೋಳೂ ಇತ್ತು. ಮೊಟ್ಟೆಯ ತಲೆ ಬಿರಿಯತೊಡಗಿತ್ತು. ಇಂದು ಅದಕ್ಕೆ ಕೈಮುಗಿದು, “ಕಂಗ್ರಾಚುಲೇಷನ್ಸ್, ದೇವರಾದಿ,” ಎಂದಳು. “ನಾಳೆ ಒಡೀತದ ಪ್ರಮೀ. ಗ್ಯಾರಂಟಿ.”

ಅಂದು ಸಂಜೆ ಧೋ ಎಂದು ಮಳೆ. ಬೆಳಕು ಹರಿಯುವ ಮೊದಲೇ ಆಟೋ ಹತ್ತಿದೆವು. ಇಂದು ರೇಷ್ಮೆ ಸೀರೆ ಉಟ್ಟಿದ್ದಳು. ಕಾಡಿಗೆ ರೇಷ್ಮೆ ಸೀರೆ! ಆದರೆ ತಿರುವಿನಲ್ಲಿ ಒಂದು ಅದಿರಿನ ಲಾರಿ ಕೆಸರಿನಲ್ಲಿ ಹೂತು ಅಡ್ಡ ನಿಂತು, ಅದರ ಹಿಂದೆ ಕಣ್ಣು ಹಾಯುವವರೆಗೆ ಲಾರಿಗಳ ಸಾಲು. ಆಟೋ ಅಲುಗಾಡಲಿಲ್ಲ. ಇಂದು ಕೈ ಹಿಸುಕಿಕೊಳ್ಳುತ್ತಾ ಕೂತಳು. ಬಿಸಿಲು ಬಂದೇ ಬಂತು. ಕೊನೆಗೆ ಇಳಿದು ಲಾರಿಗಳ ಸಂದಿಯಲ್ಲೇ ನಡೆಯತೊಡಗಿದೆವು. ರೇಷ್ಮೆ ಸೀರೆಯ ಅಂಚು ಮೊಣಕಾಲವರೆಗೆ ಕೆಂಪಾಯಿತು.

ಅಷ್ಟರಲ್ಲಿ ಎದುರಿನಿಂದ, ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಹಾದು ಒಂದು ಜೀಪು ಬಂತು. ಜಾಕೆಟ್ ಸಾಹೇಬ. ಕಿಟಕಿಯಿಂದ ಕೈ ಬೀಸಿದ. “ಮೇಡಂ! ಇವತ್ತ್ ಜಾಕ್‌ಪಾಟ್ ರೀ! ಭಾಳ ಲೇಟಾದ್ರಿ ನೀವು!”

ನಾನು ಕೈ ಬೀಸಿದೆ. ಅಭ್ಯಾಸಬಲ. ಕಾನ್ವೆಂಟಿನಲ್ಲಿ ಕಲಿಸಿದ ಮ್ಯಾನರ್ಸ್.

ಮೆಳೆಗೆ ಇನ್ನೂ ದೂರವಿರುವಾಗಲೇ ಇಂದು ನಿಂತಳು. “ಬಂತು!” ಎಂದಳು. ನನಗೂ ಬಂತು. ಅದೇ ಕೊಳೆತ ನಾತ, ಅದರ ಅಡಿಯಲ್ಲಿ ಒಂದಿಷ್ಟು ಸಿಹಿ. ಕೋಲು ನನ್ನ ಕೈಗೆ ಕೊಟ್ಟು, ಅರ್ಧ ಕುರುಡಿ, ಎಂಟನೇ ಕ್ಲಾಸಿನ ಹುಡುಗಿಯ ಹಾಗೆ ಮೂಗು ಮುಂದೆ ಮಾಡಿ ಓಡಿದಳು. ಮೆಳೆಯ ಬಳಿ ಯರ್ರಿಸ್ವಾಮಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮೊಬೈಲಿನಲ್ಲಿ ಹಾಡಿರಲಿಲ್ಲ.

“ಅಕ್ಕಾರ, ಬರಬ್ಯಾಡ್ರಿ,” ಎಂದ.

ಕಲ್ಲುಗಳನ್ನು ಒದ್ದು ಚೆಲ್ಲಾಡಿದ್ದರು. ಬಿದಿರೆಲೆಗಳನ್ನು ಬಾಚಿ ನೆಲ ಸಾರಿಸಿದಂತೆ ಮಾಡಿದ್ದರು. ನಡುವೆ ಕಾಂಡ ಮುರಿದು ಬಿದ್ದಿತ್ತು, ಟೋಪಿ ಒಂದು ಕಡೆ. ಜಾಲರಿಯ ಮೇಲೆ ಬೂಟಿನ ಗುರುತು. ಅಕಸ್ಮಾತ್ ತುಳಿದದ್ದಲ್ಲ. ಹಿಮ್ಮಡಿಯೂರಿ, ಬೀಡಿ ಆರಿಸುವವರ ಹಾಗೆ, ತಿರುಗಿಸಿ ತುಳಿದಿದ್ದ.

ಯರ್ರಿಸ್ವಾಮಿ ಅಳುತ್ತಿದ್ದ. “ಕುಂಕ್ಮ ನೋಡಿ ಇಲ್ಲೇನೋ ಐತಂತ ಸೀದಾ ಬಂದಾನ್ರೀ. ನಾ ಬರೋದ್ರಾಗ ಮುಗಿದೈತಿ. ಕುಂಕ್ಮ ಕಂಡ್ರ ಮಂದಿ ಹಿಂದಕ ಸರೀತಾರ ರೀ, ಇವ್ನು ಮುಂದಕ ಬಂದಾನ.”

ನನಗೆ ಬಾಯಿಗೆ ಬಂದ ಇಂಗ್ಲಿಷ್ ಬೈಗುಳ ಸಿಸ್ಟರ್ ಅಗಾಥಾ ಕೇಳಿದ್ದರೆ, ಇಂಗ್ಲಿಷಾದರೂ ಬೋರ್ಡು ಜನ್ಮಪೂರ್ತಿ ನನ್ನ ಕೊರಳಲ್ಲಿರುತ್ತಿತ್ತು. ಇಂದು ಬೈಯಲಿಲ್ಲ. ಮಂಡಿಯೂರಿ ಬೆರಳಿನಿಂದ ಹುಡುಕಿದಳು. ಜಾಲರಿಯ ಹರಿಯದೆ ಉಳಿದ ಒಂದು ತುಣುಕು ಬೆರಳಿಗೆ ಸಿಕ್ಕಿತು. ಅದರ ಒಂದೊಂದು ಕಣ್ಣನ್ನೂ ಮುಟ್ಟಿ ನೋಡಿದಳು, ಜಪಮಾಲೆ ಎಣಿಸಿದ ಹಾಗೆ.

“ಫೋಟೋ ತೆಗಿ,” ಎಂದಳು.

“ಇದನ್ನಾ? ನನ್ನ ಕೈಲಾಗಲ್ಲ ಇಂದೂ.”

“ಇದನ್ನ. ಬೂಟು ಸಮೇತ. ಅಳಬ್ಯಾಡ, ಕೈ ಅಲುಗಿದ್ರ ಬ್ಲರ್ ಆಗ್ತದ.”

ಚೀಲ ಹಾಸಿ ಮಲಗಿದೆ. ಲೆನ್ಸಿನಲ್ಲಿ ಹಿಮ್ಮಡಿಯ ಗುರುತು ದೊಡ್ಡ ಹಳ್ಳದಂತೆ ಕಂಡಿತು, ಅದರ ನಡುವೆ ನಕ್ಷತ್ರದಂಥ ಅಚ್ಚು. ಅಚ್ಚಿನೊಳಗೆ ಬಿಳಿ ಜಾಲರಿ. ಕಂಡದ್ದನ್ನು ಇಂದುಗೆ ಹೇಳಿದೆ. ನಾನು ಆ ಮಳೆಗಾಲದಲ್ಲಿ ತೆಗೆದ ಎಲ್ಲ ಫೋಟೋಗಳಲ್ಲಿ ಅತ್ಯಂತ ಶಾರ್ಪ್ ಆಗಿ ಬಂದದ್ದು ಅದೊಂದೇ. ಸಿಟ್ಟಿಗೆ ನನ್ನ ಕೈ ಅಲುಗಲೇ ಇಲ್ಲ.

ಆಮೇಲೆ ಮಳೆ ಇರುವವರೆಗೂ ಹುಡುಕಿದೆವು. ಇನ್ನೊಂದು ಮೊಟ್ಟೆ ಸಿಗಲಿಲ್ಲ. ಸಾವಿರ ಏಳುತ್ತವೆ ಎಂದಿದ್ದನಲ್ಲ, ಒಂದೂ ಏಳಲಿಲ್ಲ. ದೀಪಾವಳಿಯ ಹೊತ್ತಿಗೆ ಇಂದುವಿನ ಎರಡನೇ ಕಣ್ಣಿನ ನಡುವೂ ಮುಚ್ಚಿತು. ಹಚ್ಚಿಟ್ಟ ಹಣತೆಯನ್ನು ನೇರ ನೋಡಿದರೆ ಅದು ಇಲ್ಲ ಎಂದಳು.

ಚಳಿಗಾಲದಲ್ಲಿ ಹೊಸಪೇಟೆಯಲ್ಲೊಂದು ಫೋಟೋ ಎಕ್ಸಿಬಿಷನ್. ಅದರ ಪಾಂಪ್ಲೆಟ್ ಪೇಪರಿನೊಳಗೆ ಬಂತು. ಮೊದಲ ಬಹುಮಾನದ ಚಿತ್ರ: ‘ವನವಧು’. ಬಿದಿರ ಕತ್ತಲ ಮುಂದೆ, ಬೆಳ್ಳಗೆ, ಜಾಲರಿ ನೆಲ ಮುಟ್ಟಿ ನಿಂತಿತ್ತು. ನಾನು ಪಾಂಪ್ಲೆಟ್ ಹರಿದು ಬುಟ್ಟಿಗೆ ಹಾಕಿ, ಸಿಟ್ಟು ತಡೆಯಲಾರದೆ ಇಂದುಗೆ ಫೋನ್ ಮಾಡಿದೆ. ಅವಳು ಕೇಳಿಸಿಕೊಂಡು, “ಎಷ್ಟು ದೊಡ್ಡದು ಹಾಕ್ಯಾರ?” ಎಂದಳು.

“ಗೋಡೆ ತುಂಬ ಅಂತ ಬರೆದಿದಾರೆ.”

“ಹಂಗಾರ ನನಗ ಕಾಣಬಹುದು.”

“ಇಂದೂ! ಆ ರಾಸ್ಕಲ್ ತೆಗೆದದ್ದನ್ನು ನೋಡೋಕೆ ಹೋಗ್ತೀಯಾ? ನಿನಗೆ ಸೆಲ್ಫ್ ರೆಸ್ಪೆಕ್ಟ್ ಇಲ್ಲವಾ?”

“ಸೆಲ್ಫ್ ರೆಸ್ಪೆಕ್ಟ್ ಕಣ್ಣಿದ್ದವ್ರಿಗೆ ಪ್ರಮೀ,” ಎಂದಳು. “ಸಿಸ್ಟರ್ ಗೌನು ಮುಚ್ಚಿದ್ರು, ಇವ ಬೂಟು ಮುಚ್ಚಿದ. ಈಗ ನೀನೂ ಮುಚ್ಚಬ್ಯಾಡ.”

ಬಾಯಿ ಮುಚ್ಚಿಕೊಂಡು ಕರೆದುಕೊಂಡು ಹೋದೆ. ಇಂದು ಆ ದೊಡ್ಡ ಚಿತ್ರದ ಮುಂದೆ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಳು. ಜನ ವಿಚಿತ್ರವಾಗಿ ನೋಡಿದರು. ಬಹಳ ಹೊತ್ತು ನಿಂತಳು. ಕತ್ತು ಮೇಲೆ ಮಾಡಿದಳು, ಕೆಳಗೆ ಮಾಡಿದಳು. ಅವನು ಸೂಟು ಹಾಕಿಕೊಂಡು ಬಂದು, ನಮ್ಮ ಗುರುತು ಹಿಡಿದು, “ಹೆಂಗೈತ್ರಿ ಮೇಡಂ?” ಎಂದ.

“ನೊಣ ಎಲ್ಲಿ?” ಎಂದಳು ಇಂದು.

“ನೊಣಾನಾ? ಹೇ, ಭಾಳ ಕುಂತಿದ್ವು ರೀ, ಟೋಪಿ ತುಂಬ ಗಲೀಜು ಲೋಳೆ ಬ್ಯಾರೆ. ಲೋಳೆ ಒರೆಸಿ ಕ್ಲೀನ್ ಮಾಡಿ ತಗದೆ. ಉಳದ ನೊಣ ಎಲ್ಲಾ ಎಡಿಟಿಂಗ್‌ನ್ಯಾಗ ತಗದೀನಿ. ಒಂದಿಡೀ ದಿನ ಕುಂತೀನಿ ಅದಕ್ಕ.”

“ಆ ಗಲೀಜಿನೊಳಗ ಅದರ ಬೀಜ ಇರ್ತದ,” ಎಂದಳು ಇಂದು, ಮೆಲ್ಲಗೆ. “ನೊಣ ಬರಲಿ ಅಂತನ ಅದು ಅಷ್ಟು ನಾರ್ತದ. ನೊಣದ ಕಾಲಿಗೆ ಹತ್ತಿ ಬೀಜ ಬ್ಯಾರೆ ಕಡೆ ಹೋಗ್ತದ. ನೊಣಕ್ಕಾಗೇ ಇಷ್ಟೆಲ್ಲ ಶೃಂಗಾರ. ಆಮ್ಯಾಲ ತುಳದ್ರಿ, ಯಾಕ?”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಅದೇನ್ ದೊಡ್ಡ ಮಾತ್ರಿ ಮೇಡಂ. ಹೆಂಗೂ ಮಧ್ಯಾಹ್ನಕ್ಕ ಬೀಳ್ತಿತ್ತು.”

ಹೆಂಗೂ ಮಧ್ಯಾಹ್ನಕ್ಕೆ ಬೀಳುತ್ತಿತ್ತು. ಈ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಕುದಿಯುತ್ತದೆ. ಇಂದುವೂ ನಾನೂ ಮಧ್ಯಾಹ್ನಕ್ಕೆ ಬೀಳುವವರೇ. ಹಾಗೆಂದು ಬೆಳಿಗ್ಗೆಯೇ ಬಂದು ಹಿಮ್ಮಡಿ ಊರಬಹುದೇ? ಆ ಒಂದು ಬೆಳಗು ಒಬ್ಬಳು ಹೆಂಗಸು ಅರವತ್ತು ವರ್ಷ ಕಾದ ಬೆಳಗು. ಅವನ ಎಡಿಟಿಂಗಿನಲ್ಲಿ ಅದಕ್ಕೆ ಬಟನ್ ಇದೆಯೇ?

ಆ ರಾತ್ರಿ ಇಂದು ನನ್ನ ಮನೆಯಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ನಾನು ಸ್ಟುಡಿಯೋಗೆ ಹೋಗಿ ನನ್ನ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸೀರೆಯ ಡಬ್ಬದ ರಟ್ಟಿಗೆ ಅಂಟಿಸಿ, ಎರಡು ತೂತು ಕೊರೆದು ಗೋಣಿದಾರ ಪೋಣಿಸಿದೆ. ಕೊರಳಿಗೆ ಹಾಕಿಕೊಂಡು, ಇಂದುವನ್ನೂ ಕರೆದುಕೊಂಡು ಎಕ್ಸಿಬಿಷನ್ ಹಾಲಿಗೆ ಹೋಗಿ ವನವಧುವಿನ ಪಕ್ಕ ನಿಂತೆ. ಕಾಲು ಜೋಡಿಸಿ, ಬೆನ್ನು ನೆಟ್ಟಗೆ. ಬೋರ್ಡು ಹಾಕಿಕೊಂಡು ನಿಲ್ಲುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಿಕ್ಕಂದಿನಲ್ಲಿ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ, ಅಷ್ಟೇ ವ್ಯತ್ಯಾಸ.

ವ್ಯವಸ್ಥಾಪಕರು ಓಡಿ ಬಂದರು. “ಮೇಡಂ, ಇದೇನ್ರೀ? ಬರ್ರಿ, ಕುಂದ್ರಿ, ಚಾ ಕುಡೀರಿ.”

“ಚಾ ಬೇಡ. ನಿಲ್ಲೋಕೆ ಟಿಕೆಟ್ ಇದೆಯೇನು?”

ಜನ ಸೇರಿದರು. ಕಾಲೇಜಿನ ಒಂದು ಹುಡುಗಿ ದೊಡ್ಡ ಚಿತ್ರವನ್ನು ನೋಡಿದಳು, ನನ್ನ ಎದೆಯ ಮೇಲಿನದನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. “ಅಜ್ಜೀ, ಇದು ಅದೇ ಅಲ್ರೀ? ಯಾರ್ ತುಳಿದ್ರು ಇದನ್ನ?”

ಅಷ್ಟರಲ್ಲಿ ಅವನು ಗುಂಪಿನೊಳಗೆ ನುಗ್ಗಿ ಬಂದಿದ್ದ, ಮುಖ ಕೆಂಪಾಗಿತ್ತು. “ಏನ್ ನಾಟಕ ಹಚ್ಚೀರಿ ಮೇಡಂ? ವಯಸ್ಸಿಗೆ ಮರ್ಯಾದಿ ಕೊಡಾಕತ್ತೀನಿ. ಯಾರ್ದೋ ಬೂಟಿನ ಗುರ್ತು ಅದು. ದನ ಕಾಯೋರು ತುಳದಿರ್ತಾರ. ಏನ್ ಪ್ರೂಫ್ ಐತಿ ನಿಮ್ ಹತ್ರ?”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಇಂದು, ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸುವ ತನ್ನ ಹಳೆಯ ದನಿಯಲ್ಲಿ ಹೇಳಿದಳು: “ಹಿಮ್ಮಡಿ ಒಳಗ ನಕ್ಷತ್ರ ಅದ ನೋಡ್ರಿ.”

ಅವನು ತನ್ನ ಬೂಟು ನೋಡಿಕೊಂಡ.

ಬರೀ ನೋಡಲಿಲ್ಲ, ಕಾಲನ್ನು ಒಂದಿಷ್ಟು ಎತ್ತಿ ಹಿಮ್ಮಡಿ ನೋಡಿದ. ಆ ದಿನ ಅವನು ಹಾಕಿದ್ದು ಸೂಟಿನ ಪಾಲಿಶ್ ಬೂಟು, ನುಣ್ಣಗಿತ್ತು, ನಕ್ಷತ್ರ ಗಿಕ್ಷತ್ರ ಏನೂ ಇರಲಿಲ್ಲ. ಆದರೆ ಅವನು ನೋಡಿದ್ದನ್ನು ಇಡೀ ಹಾಲು ನೋಡಿತು. ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಯಾರೋ ಹಿಂದಿನಿಂದ “ಸಿಕ್ಕ ಬಿದ್ದ ನೋಡ್ಲೇ” ಎಂದು ನಕ್ಕರು.

ಇಷ್ಟೇ ಆದದ್ದು. ಬಹುಮಾನ ಹಿಂದಕ್ಕೆ ಹೋಗಲಿಲ್ಲ. ಚಿತ್ರ ಗೋಡೆಯಿಂದ ಇಳಿಯಲಿಲ್ಲ; ಈಗ ಯಾವುದೋ ಹೋಟೆಲಿನ ರಿಸೆಪ್ಷನ್ನಿನಲ್ಲಿದೆ ಎಂದು ಕೇಳಿದೆ. ಅವನು ಈಗಲೂ ಜೀಪಿನಲ್ಲಿ ಬೆಟ್ಟಕ್ಕೆ ಹೋಗುತ್ತಾನೆ, ಕತ್ತರಿ ಹಿಡಿದು. ಯರ್ರಿಸ್ವಾಮಿ ಫೋನ್ ಮಾಡಿ ಹೇಳುತ್ತಿರುತ್ತಾನೆ.

ಅಂದು ಸಂಜೆ ಮನೆಗೆ ಬಂದು ಕೊರಳಿನ ದಾರ ತೆಗೆಯುವ ಮೊದಲೇ ಇಂದು, “ನಿಂದು ಟಿವಿಗೆ ಹಾಕು,” ಎಂದಳು. ಹಾಕಿದೆ. ಗೋಡೆಯ ಕಡೆ ಮುಖ ಮಾಡಿ ಕುಳಿತು ನೋಡಿದಳು. “ಬಲಗಡೆ ಮ್ಯಾಲೆ, ಟೋಪಿ ಬಿದ್ದಲ್ಲೆ, ಕರ್ರಗ ಏನೋ ಅದಾವಲ್ಲ?”

ನಾನು ಹತ್ತಿರ ಹೋಗಿ ನೋಡಿದೆ. ಅವನು ಒರೆಸಿದ್ದರೂ ಟೋಪಿಯ ಮಡಿಕೆಗಳಲ್ಲಿ ಲೋಳೆ ಒಂದಿಷ್ಟು ಉಳಿದಿತ್ತು. ಅದರ ಮೇಲೆ ಹಸಿರು ಮೈಯ ನೊಣಗಳು. ಒಂದು ರೆಕ್ಕೆ ಎತ್ತಿತ್ತು.

“ನೊಣ,” ಎಂದೆ.

“ಹಂಗಾರ ಸಾಕು ಬಿಡು,” ಎಂದಳು ಇಂದು. “ಒಯ್ದಿರ್ತಾವ.”

ಹೋದ ವಾರ ಮಹಾದೇವಿ ಕೊನೆಗೂ ಇಲಿಯನ್ನು ಮಿಕ್ಸಿಯ ಹಿಂದಿನಿಂದ ಪೇಪರಿನಲ್ಲಿ ಹಿಡಿದೆತ್ತಿ, ಕಿಟಕಿ ತೆಗೆದು, ಊದುಬತ್ತಿ ಹಚ್ಚಿ ಹೋದಳು. ನಾನು ಇಂದುಗೆ ಫೋನ್ ಮಾಡಿ ಅದೇ ವಾಸನೆ ಬಂದಿತ್ತು ಕಣೇ ಎಂದೆ. ಅವಳಿಗೆ ಹೊಟ್ಟೆಕಿಚ್ಚು. “ಕಿಟಕಿ ಯಾಕ ತಗದಿ? ನಾ ಬರತಿದ್ದೆ. ಸಂಡೂರಾಗ ಮಳಿ ಹಿಡದದ, ಚೀಲ ತಗೊಂಡು ಜಲ್ದಿ ಬಾ. ನನ್ನ ಮೂಗಿಗೆ ಇನ್ನಾ ಏನೂ ಆಗಿಲ್ಲ,” ಎಂದಳು. ಆಮೇಲೆ, “ಇನ್ನಾ ಸಿಟ್ಟದ ಏನೇ ನಿನಗ?” ಎಂದು ನಕ್ಕಳು.

ಅವಳಿಗೆ ಸಾಕಾಗಿದೆ. ನನಗೆ ಸಾಕಾಗಿಲ್ಲ. ಕಾನ್ವೆಂಟಿನಲ್ಲಿ ಪ್ರತಿ ಬೆಳಿಗ್ಗೆ ಕಣ್ಣು ಮುಚ್ಚಿಸಿ ಫರ್ಗಿವ್ ಮಾಡುವುದನ್ನು ಹೇಳಿಕೊಟ್ಟರು. ಇಂಗ್ಲಿಷ್ ಬಂದಷ್ಟು ಚೆನ್ನಾಗಿ ಅದು ನನಗೆ ಬರಲಿಲ್ಲ. ನಾಳೆ ಸಂಡೂರಿನ ಬಸ್ಸು. ಚೀಲ, ಅಕ್ಕಿಯ ದಿಂಬು, ಇಡ್ಲಿ ಬಟ್ಟೆ ಕಟ್ಟಿಟ್ಟಿದ್ದೇನೆ. ಬಾಗಿಲ ಹಿಂದಿನ ಮೊಳೆಯಲ್ಲಿ ಬೂಟಿನ ಗುರುತಿನ ಆ ರಟ್ಟಿನ ಬೋರ್ಡ್ ಇದೆ. ಅದರ ಗೋಣಿದಾರ ಹಳೆಯದಾಗಿತ್ತು, ಇವತ್ತು ಬೆಳಿಗ್ಗೆ ನೈಲಾನ್ ದಾರ ಹಾಕಿದೆ. ಅದನ್ನೂ ಒಯ್ಯುತ್ತೇನೆ.